ಆಲೂಗಡ್ಡೆ ಮೇಯರ್: 1894ರಲ್ಲಿ ಡೆಟ್ರಾಯಿಟ್‌ನ ಖಾಲಿ ಸೈಟುಗಳಲ್ಲಿ ನಡೆದದ್ದು

ಹದಿಮೂರು ಡಾಲರ್ ಎಂಬತ್ತು ಸೆಂಟ್.

1894ರ ಬೇಸಿಗೆಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಚರ್ಚುಗಳಲ್ಲಿ ಕೂಡಿದ ಚಂದಾ ಇಷ್ಟೇ. ಕೇಳಿದ್ದು ಊರಿನ ಮೇಯರ್ ಹೇಜನ್ ಪಿಂಗ್ರಿ. ಕೆಲಸ ಹೋಗಿ ಕೂತಿದ್ದ ಸಂಸಾರಗಳು ಊರಿನ ಖಾಲಿ ಸೈಟುಗಳಲ್ಲಿ ಆಲೂಗಡ್ಡೆ ಬೆಳೆದುಕೊಳ್ಳಲಿ, ಉಳುಮೆಗೆ ಮತ್ತು ಬಿತ್ತನೆ ಗಡ್ಡೆಗೆ ಕೈಲಾದಷ್ಟು ಕೊಡಿ ಅಂತ ಆತ ಕೇಳಿಕೊಂಡಿದ್ದ. ಎರಡು ಲಕ್ಷ ದಾಟಿದ ಜನರ ಊರು ಕೊಟ್ಟಿದ್ದು ನಾಲ್ಕೈದು ಜೊತೆ ಒಳ್ಳೆಯ ಬೂಟಿಗೆ ಆಗುವಷ್ಟು ದುಡ್ಡು. ಬೂಟಿನ ಲೆಕ್ಕ ಪಿಂಗ್ರಿಗೆ ಚೆನ್ನಾಗಿಯೇ ಗೊತ್ತಿತ್ತು. ಆತನ ಕಸುಬೇ ಅದು.

ಚರ್ಚಿನ ಮಾತು ಬಿಟ್ಟು ಆತ ತನ್ನ ಮೆಚ್ಚಿನ ಕುದುರೆಯನ್ನು ಹರಾಜಿಗೆ ಹಾಕಿದ. 387 ಡಾಲರ್ ಬಂತು. ಕುದುರೆಯ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಆದರೆ ಮೇಯರ್ ತನ್ನ ಲಾಯ ಖಾಲಿ ಮಾಡಿ ಆಲೂಗಡ್ಡೆ ಹಾಕಿಸುತ್ತಿದ್ದಾನೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿತು. ದುಡ್ಡಿಗಿಂತ ಆ ಸುದ್ದಿಯೇ ಹೆಚ್ಚು ಕೆಲಸ ಮಾಡಿತು ಅಂತ ನನಗನಿಸುತ್ತದೆ.

ಈ ಒಂದು ಬೇಸಿಗೆಯ ಪ್ರಯೋಗವನ್ನು ಬಿಡಿಸಿ ನೋಡೋಣ. ಪಿಂಗ್ರಿಯ ಹೆಸರು ಬಂದಾಗೆಲ್ಲ ಜನ ಹೇಳುವುದು ಈ ಆಲೂಗಡ್ಡೆಯ ಕಥೆಯನ್ನೇ. ಆತ ಮಾಡಿದ ಕೆಲಸಗಳಲ್ಲಿ ಯಾರಿಗೂ ನೋವಾಗದ, ಅತಿ ಮೆತ್ತಗಿನ ಕೆಲಸ ಅದು. ಉಳಿದವೆಲ್ಲ ಜಗಳಗಳು. ಆದರೆ ಹತ್ತಿರದಿಂದ ನೋಡಿದರೆ ಈ ಮೆತ್ತಗಿನ ಕೆಲಸವೂ ಅದೇ ಜಗಳದ ಒಂದು ತುಂಡು.

ಬೂಟು ಕತ್ತರಿಸುವವನು

ಪಿಂಗ್ರಿ ಹುಟ್ಟಿದ್ದು 1840ರ ಆಗಸ್ಟ್ 30ರಂದು, ಮೇನ್ ರಾಜ್ಯದ ಡೆನ್ಮಾರ್ಕ್ ಅನ್ನುವ ಸಣ್ಣ ಊರಲ್ಲಿ. ಮನೆಯಲ್ಲಿ ಬಡತನ. ಹದಿನಾಲ್ಕಕ್ಕೆಲ್ಲ ಸಾಕೊ ಎಂಬಲ್ಲಿ ಹತ್ತಿ ಗಿರಣಿ ಸೇರಿದ. ಅಲ್ಲಿಂದ ಮ್ಯಾಸಚೂಸೆಟ್ಸ್‌ನ ಹಾಪ್ಕಿಂಟನ್‌ಗೆ ಹೋಗಿ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕೆಲಸ ಹಿಡಿದ.

ಈ ಕತ್ತರಿಸುವ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಹದ ಮಾಡಿದ ಚರ್ಮ ಬಟ್ಟೆಯ ಹಾಗೆ ಚೌಕವಾಗಿ ಬರುವುದಿಲ್ಲ. ಬೆನ್ನಿನ ಕಡೆ ದಪ್ಪ, ಹೊಟ್ಟೆಯ ಕಡೆ ಜಾಳು. ಅಲ್ಲಲ್ಲಿ ಗಾಯದ ಕಲೆ, ಹುಳ ಕೊರೆದ ತೂತು. ಇಂಥ ಚರ್ಮದ ಮೇಲೆ ಅಚ್ಚುಗಳನ್ನು ಹಿಂದೆ ಮುಂದೆ ತಿರುಗಿಸಿ ಇಟ್ಟು, ಒಂದು ಬೆರಳಗಲವೂ ಹಾಳಾಗದ ಹಾಗೆ ಚಾಕು ಓಡಿಸಬೇಕು. ಕಾರ್ಖಾನೆಯ ಲಾಭ ನಷ್ಟ ಎಷ್ಟೋ ಸಲ ಈ ಮೇಜಿನ ಮೇಲೇ ತೀರ್ಮಾನ ಆಗುತ್ತದೆ. ಉಳಿದ ಚೂರುಪಾರು ಕಂಡರೆ ಕತ್ತರಿಸುವವನ ಕಣ್ಣು ಅಲ್ಲೇ ನಿಲ್ಲುತ್ತದೆ, ಇದರಲ್ಲಿ ಇನ್ನೊಂದು ನಾಲಿಗೆ ಪಟ್ಟಿ ಸಿಗಬಹುದಾ ಅಂತ. ಮುಂದೆ ಊರಂಚಿನ ಖಾಲಿ ಸೈಟು ಕಂಡಾಗ ಪಿಂಗ್ರಿಯ ಕಣ್ಣು ನಿಂತದ್ದೂ ಹೀಗೇ ಇರಬೇಕು. ಇದು ನನ್ನ ಊಹೆ, ಆತ ಎಲ್ಲೂ ಹಾಗೆ ಬರೆದಿಲ್ಲ.

1862ರಲ್ಲಿ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಒಳಯುದ್ಧಕ್ಕೆ ಉತ್ತರದ ಕಡೆಯಿಂದ ಸೇರಿದ. ಮ್ಯಾಸಚೂಸೆಟ್ಸ್‌ನ ಫಿರಂಗಿ ದಳ. 1864ರ ಮೇ ತಿಂಗಳಲ್ಲಿ ದಕ್ಷಿಣದವರ ಕೈಗೆ ಸಿಕ್ಕಿಬಿದ್ದು ಆ್ಯಂಡರ್ಸನ್‌ವಿಲ್ ಸೆರೆ ಬಯಲಿಗೆ ಹೋದ. ಸುಮಾರು 45 ಸಾವಿರ ಸೈನಿಕರು ಹಾದುಹೋದ, ಅವರಲ್ಲಿ ಹೆಚ್ಚುಕಡಿಮೆ 13 ಸಾವಿರ ಜನ ಸತ್ತ ಜಾಗ ಅದು. ಗುಂಡೇಟಿಗಿಂತ ಭೇದಿ, ಹಸಿವು, ಒಸಡು ಕೊಳೆಯುವ ಸ್ಕರ್ವಿ ರೋಗ ಕೊಂದದ್ದು ಜಾಸ್ತಿ. ಆ ಕಾಲದ ಸೈನಿಕರಿಗೆ ಸ್ಕರ್ವಿಗೆ ಗೊತ್ತಿದ್ದ ಮದ್ದುಗಳಲ್ಲಿ ಹಸಿ ಆಲೂಗಡ್ಡೆಯೂ ಒಂದು. ಆ ವರ್ಷದ ಕೊನೆಯಲ್ಲಿ ಮಿಲನ್ ಎಂಬ ಇನ್ನೊಂದು ಸೆರೆ ಬಯಲಿನಲ್ಲಿ ಬಿಡುಗಡೆಯಾಗುವವರ ಹೆಸರು ಕೂಗುತ್ತಿದ್ದರು. ಬೇರೆ ಯಾರದೋ ಹೆಸರಿಗೆ ಪಿಂಗ್ರಿ ಓಗೊಟ್ಟು ಹೊರಗೆ ಬಂದ. ಮತ್ತೆ ತನ್ನ ದಳಕ್ಕೇ ಹೋಗಿ ಸೇರಿಕೊಂಡು ಯುದ್ಧ ಮುಗಿಯುವವರೆಗೂ ಇದ್ದ.

ಆಮೇಲೆ ಡೆಟ್ರಾಯಿಟ್. ಮೊದಲು ಒಂದು ಬೂಟಿನ ಕಾರ್ಖಾನೆಯಲ್ಲಿ ಕೂಲಿ. 1866ರ ಕೊನೆಯಲ್ಲಿ ಚಾರ್ಲ್ಸ್ ಸ್ಮಿತ್ ಎಂಬಾತನ ಜೊತೆ ಸೇರಿ ಸಣ್ಣದೊಂದು ಕಾರ್ಖಾನೆ ಕೊಂಡ. ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಪಿಂಗ್ರಿ ಅಂಡ್ ಸ್ಮಿತ್ ಕಂಪನಿಯಲ್ಲಿ 700 ಜನ ಕೆಲಸಕ್ಕಿದ್ದರು. ವರ್ಷದ ವ್ಯಾಪಾರ ಹತ್ತು ಲಕ್ಷ ಡಾಲರ್. 1889ರಲ್ಲಿ ರಿಪಬ್ಲಿಕನ್ ಪಕ್ಷದ ದೊಡ್ಡಮನುಷ್ಯರು ಆತನನ್ನು ಮೇಯರ್ ಚುನಾವಣೆಗೆ ಎಳೆದು ತಂದರು. ನನಗೆ ರಾಜಕೀಯ ಏನು ಗೊತ್ತು, ಬೂಟು ಮಾಡೋದೇ ಸಾಕಾಗಿದೆ ಅನ್ನುವ ಅರ್ಥದಲ್ಲಿ ಗೊಣಗಿದನಂತೆ. ಈತ ನಮ್ಮವನು, ಕಾರ್ಖಾನೆ ಮಾಲೀಕ, ಹೇಳಿದ ಹಾಗೆ ಕೇಳಿಕೊಂಡಿರುತ್ತಾನೆ ಅಂತ ಆ ದೊಡ್ಡಮನುಷ್ಯರ ಲೆಕ್ಕ. ಈತ ಹೆಂಡ ವಿರೋಧಿ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದಾಗ ಐರಿಷ್ ಜನರ ಹೆಂಡದಂಗಡಿಗೇ ಹೋಗಿ, ಎಲ್ಲರೆದುರು ವಿಸ್ಕಿ ಏರಿಸಿ ಬಂದ. ಗೆದ್ದ.

ಆಗಿನ ಡೆಟ್ರಾಯಿಟ್

ಡೆಟ್ರಾಯಿಟ್ ಅಂದರೆ ನಮಗೆ ಕಾರು. ಆದರೆ ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿಯನ್ನು ಬೀದಿಗೆ ತಂದದ್ದು 1896ರ ಜೂನ್‌ನಲ್ಲಿ. ಕಟ್ಟಿ ಮುಗಿಸಿದ ಮೇಲೆ ಶೆಡ್ಡಿನ ಬಾಗಿಲಲ್ಲಿ ಗಾಡಿ ಹಿಡಿಸುವುದಿಲ್ಲ ಅಂತ ಗೊತ್ತಾಗಿ ಇಟ್ಟಿಗೆ ಒಡೆದು ಹೊರಗೆ ತಂದ, ಪಾಪ. ಆಗಲೂ ಮೇಯರ್ ಪಿಂಗ್ರಿಯೇ. ಕಾರಿಗೆ ಮುಂಚಿನ ಡೆಟ್ರಾಯಿಟ್ ಬದುಕುತ್ತಿದ್ದದ್ದು ರೈಲು ಡಬ್ಬಿ, ಅಡುಗೆ ಒಲೆ, ಬೂಟು, ಸಿಗಾರ್, ಔಷಧಿಗಳ ಮೇಲೆ. ತರಕಾರಿ ಬೀಜ ಮಾರುವ ದೇಶದ ದೊಡ್ಡ ಕಂಪನಿಯೊಂದೂ ಅಲ್ಲೇ ಇತ್ತು. 1890ರ ಜನಗಣತಿಯಲ್ಲಿ 2,05,876 ಜನ. ಜರ್ಮನರು, ಪೋಲೆಂಡಿನವರು, ಐರಿಷ್ ಜನ, ಪಕ್ಕದ ಕೆನಡಾದಿಂದ ಬಂದವರು.

ಮೇಯರ್ ಕುರ್ಚಿಯಲ್ಲಿ ಕೂತ ಮೇಲೆ ಪಿಂಗ್ರಿಗೆ ಮೊದಲು ಕಂಡದ್ದು ರಸ್ತೆ. ಸೀಡರ್ ಮರದ ತುಂಡುಗಳನ್ನು ಜೋಡಿಸಿ ಮಾಡಿದ ರಸ್ತೆಗಳು, ಕೊಳೆತು ಗುಂಡಿ ಬಿದ್ದಿದ್ದವು. ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡು ರೇಟು ಬರೆಯುತ್ತಿದ್ದರು. ಅಲ್ಲಿಂದ ಜಗಳ ಶುರುವಾಯಿತು. ಆಮೇಲೆ ಗ್ಯಾಸ್ ಕಂಪನಿ, ದೀಪದ ಕಂಪನಿ, ಟ್ರಾಮ್ ಕಂಪನಿ.

1891ರ ಏಪ್ರಿಲ್‌ನಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಜನ ಅವರ ಜೊತೆ ನಿಂತು ಹಳಿ ಕಿತ್ತರು, ಗಾಡಿ ಉರುಳಿಸಿದರು. ಸೈನ್ಯ ಕರೆಸಿ ಅಂತ ಕಂಪನಿ ಒತ್ತಾಯ ಮಾಡಿತು. ಮೇಯರ್ ಕರೆಸಲಿಲ್ಲ. ಕೂತು ಮಾತಾಡಿ, ಪಂಚಾಯಿತಿ ಮಾಡಿಕೊಳ್ಳಿ ಅಂದ. ಅವತ್ತಿನಿಂದ ಕಾರ್ಖಾನೆ ಮಾಲೀಕ ಗೆಳೆಯರಿಗೆ ಈತ ದೂರ ಆಗುತ್ತಾ ಹೋದ. ಟ್ರಾಮ್ ಟಿಕೆಟ್ಟು ಐದು ಸೆಂಟಿನಿಂದ ಮೂರು ಸೆಂಟಿಗೆ ಇಳಿಯಬೇಕು ಅನ್ನುವ ಹಟ ಆತನ ತಲೆಯಲ್ಲಿ ಕೂತದ್ದೂ ಈ ಕಾಲದಲ್ಲೇ.

ಇಂಥದ್ದರಲ್ಲಿ 1893 ಬಂತು.

ಕುಸಿತ

1893ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ರೀಡಿಂಗ್ ರೈಲು ಕಂಪನಿ ದಿವಾಳಿಯಾಯಿತು. ಮೇ ತಿಂಗಳಲ್ಲಿ ಹಗ್ಗ ಮಾಡುವ ನ್ಯಾಷನಲ್ ಕಾರ್ಡೇಜ್ ಬಿತ್ತು. ಷೇರುಪೇಟೆ ಕುಸಿಯಿತು. ದೇಶದಲ್ಲಿ 500ರಷ್ಟು ಬ್ಯಾಂಕುಗಳು, 15 ಸಾವಿರದಷ್ಟು ವ್ಯಾಪಾರಗಳು ಮುಚ್ಚಿದವು. ರೈಲು ಕಂಪನಿಗಳೇ ಮುಳುಗುತ್ತಿರುವಾಗ ರೈಲು ಡಬ್ಬಿ ಕೊಳ್ಳುವವರು ಯಾರು? ಹಾಗಾಗಿ ಡೆಟ್ರಾಯಿಟ್‌ಗೆ ಏಟು ಜೋರಾಗಿಯೇ ಬಿತ್ತು. ಸಾವಿರಾರು ಗಂಡಸರು ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲದೆ ಕೂತರು.

ಊರಲ್ಲಿ ಬಡವರ ಆಯೋಗ ಅಂತ ಒಂದಿತ್ತು. ತೀರಾ ಗತಿಯಿಲ್ಲದವರಿಗೆ ಕಲ್ಲಿದ್ದಲು, ದಿನಸಿ ಕೊಡುವುದು ಅದರ ಕೆಲಸ. ಮಾಮೂಲಿ ವರ್ಷದ ಲೆಕ್ಕಕ್ಕೆ ಇಟ್ಟ ದುಡ್ಡು ಅದು, ಇಂಥ ಚಳಿಗಾಲಕ್ಕೆ ಎಲ್ಲಿ ಸಾಕಾಗಬೇಕು? ಪಿಂಗ್ರಿ ಚರಂಡಿ, ರಸ್ತೆ ಅಂತ ಒಂದಷ್ಟು ಕೆಲಸ ಹುಟ್ಟಿಸಲು ನೋಡಿದ. ಅದರಲ್ಲೂ ತೊಡಕು. 1894ರ ಏಪ್ರಿಲ್‌ನಲ್ಲಿ ಕಾನರ್ಸ್ ಕ್ರೀಕ್ ಹತ್ತಿರ ನೀರಿನ ಕೊಳವೆಗೆ ಕಾಲುವೆ ತೋಡುವಲ್ಲಿ, ಕೂಲಿ ದಿನದ ಲೆಕ್ಕವೋ ಅಗೆದ ಮಣ್ಣಿನ ಲೆಕ್ಕವೋ ಅನ್ನುವ ತಕರಾರು ಎದ್ದಿತು. ಪೋಲಿಷ್ ಕೂಲಿಗಳಿಗೂ ಶೆರೀಫ್ ಅನ್ನುವ ಜಿಲ್ಲಾ ಪೊಲೀಸ್ ಅಧಿಕಾರಿಯ ಕಡೆಯವರಿಗೂ ಹೊಡೆದಾಟವಾಗಿ ಹೆಣ ಬಿದ್ದವು. ಆಲೂಗಡ್ಡೆ ಯೋಜನೆ ಹೊರಬಿದ್ದದ್ದು ಇದಾದ ಕೆಲವೇ ವಾರಗಳಿಗೆ. ಇದನ್ನು ಮರೆತು ಆ ಯೋಜನೆಯನ್ನು ಸುಮ್ನೆ ಒಂದು ತೋಟಗಾರಿಕೆಯ ಕಥೆ ಅಂತ ಓದಿದರೆ ತಪ್ಪಾಗುತ್ತದೆ. ಊರು ಹೊತ್ತಿಕೊಳ್ಳುವ ಹಾಗಿತ್ತು.

ಖಾಲಿ ಸೈಟು ಯಾಕೆ ಇತ್ತು

ಇನ್ನೊಂದು ಕಡೆ ಡೆಟ್ರಾಯಿಟ್‌ನ ಅಂಚಿನಲ್ಲಿ ಸೈಟುಗಳು ಸಾಲುಸಾಲಾಗಿ ಬಿದ್ದಿದ್ದವು. ಊರು ಬೆಳೆಯುತ್ತಿದೆ, ಇವತ್ತು ಕೊಂಡಿಟ್ಟರೆ ನಾಳೆ ದುಪ್ಪಟ್ಟು ಅಂತ ದುಡ್ಡಿದ್ದವರು ಎಕರೆಗಟ್ಟಲೆ ಕೊಂಡಿಟ್ಟಿದ್ದರು. ಬೆಂಗಳೂರಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಲ್ಲ, ಬೆಳೆಯಿಲ್ಲ, ಬರೀ ಕಳೆ. ದುಡ್ಡಿನ ಪೇಟೆ ಬಿದ್ದ ಮೇಲಂತೂ ಅವನ್ನು ಕೇಳುವವರೂ ಇರಲಿಲ್ಲ.

ಪಿಂಗ್ರಿ ಕೇಳಿದ್ದು ಸರಳ. ನಿಮ್ಮ ಸೈಟು ನಿಮ್ಮದೇ. ಮಾರಾಟವಾಗುವ ತನಕ, ಒಂದು ಬೆಳೆಯ ಮಟ್ಟಿಗೆ ಸುಮ್ನೆ ಬಿಟ್ಟುಕೊಡಿ. ಸುಮಾರು 430 ಎಕರೆ ಸಿಕ್ಕಿತು. ಮಾಲೀಕರಿಗೆ ಇದರಲ್ಲಿ ಹೋಗುವುದೇನೂ ಇರಲಿಲ್ಲ. ಉತ್ತು ಹಸನಾದ ಜಾಗ ವಾಪಸ್ ಬರುತ್ತದೆ, ಜೊತೆಗೆ ಪುಣ್ಯ. ಚರ್ಚಿನಲ್ಲಿ ನಾಣ್ಯ ಹಾಕಲು ಹಿಂದೆಮುಂದೆ ನೋಡಿದ ಊರು ಜಮೀನು ಕೊಡುವಾಗ ಅಷ್ಟು ಯೋಚಿಸಲಿಲ್ಲ. ಕೈಯಿಂದ ದುಡ್ಡು ಬಿಚ್ಚುವುದು ಬೇರೆ, ಬಳಸದೆ ಬಿದ್ದದ್ದನ್ನು ಬಿಟ್ಟುಕೊಡುವುದು ಬೇರೆ. ಇದು ಪಿಂಗ್ರಿಗೆ ಮೊದಲೇ ಗೊತ್ತಿತ್ತೋ, ಚಂದಾ ಸೋತ ಮೇಲೆ ಹೊಳೆಯಿತೋ, ಹೇಗಿದ್ದರೂ ಆತ ಹಿಡಿದ ದಾರಿ ಸರಿಯಾಗಿತ್ತು.

ಕೆಲಸ ನಡೆದದ್ದು ಹೀಗೆ

ಯೋಜನೆಯನ್ನು ನೋಡಿಕೊಳ್ಳಲು ಒಂದು ಕೃಷಿ ಸಮಿತಿ ಆಯಿತು. ಅದರ ತಲೆಯ ಮೇಲೆ ಕಾರ್ನೀಲಿಯಸ್ ಗಾರ್ಡನರ್ ಎಂಬ ಸೈನ್ಯದ ಕ್ಯಾಪ್ಟನ್. ಹೆಸರಿನಲ್ಲೇ ತೋಟಗಾರ, ನೋಡಿ! ಆದರೆ ಆತ ತಂದದ್ದು ತೋಟಗಾರನ ಕೈಗುಣಕ್ಕಿಂತ ಜಾಸ್ತಿ ಸಿಪಾಯಿಯ ಶಿಸ್ತು. ಜಮೀನು ಅಳೆದು, ಗೂಟ ಹೊಡೆದು, ಕಾಲು ಎಕರೆಯಿಂದ ಅರ್ಧ ಎಕರೆಯ ತುಂಡುಗಳಾಗಿ ಹಂಚಿದರು. ನಮ್ಮ ಲೆಕ್ಕದಲ್ಲಿ ಹತ್ತರಿಂದ ಇಪ್ಪತ್ತು ಗುಂಟೆ. ಸಮಿತಿಯೇ ನೇಗಿಲು ಹೊಡೆಸಿ, ಕುಂಟೆ ಎಳೆಸಿ ಕೊಟ್ಟಿತು. ಬಿತ್ತನೆ ಕೊಳ್ಳುವ ಶಕ್ತಿ ಇಲ್ಲದವರಿಗೆ ಬಿತ್ತನೆಯೂ ಸಿಕ್ಕಿತು. ನೆಡುವುದು, ಕಳೆ ತೆಗೆಯುವುದು, ಮಣ್ಣು ಏರಿಸುವುದು, ಕೀಳುವುದು ಆಯಾ ಮನೆಯವರದು. ಬೆಳೆದದ್ದೂ ಅವರದೇ. ಪಾಲು ಕೊಡುವ ಹಾಗಿಲ್ಲ, ಬಾಡಿಗೆ ಇಲ್ಲ.

ಯಾಕೆ ಆಲೂಗಡ್ಡೆಯೇ? ಯೋಚನೆ ಮಾಡಿ. ಹೊತ್ತು ಮೀರಿತ್ತು, ಜೂನ್ ಬಂದಿತ್ತು. ಗೋಧಿ ಹಾಕಿದರೆ ಒಕ್ಕಬೇಕು, ಬೀಸಬೇಕು, ಗಿರಣಿಯವನಿಗೆ ಕೊಡಬೇಕು. ಆಲೂಗಡ್ಡೆಗೆ ಗುದ್ದಲಿ ಒಂದಿದ್ದರೆ ಸಾಕು. ಒಂದು ಗಡ್ಡೆಯನ್ನು ಎರಡೋ ಮೂರೋ ಕಣ್ಣು ಉಳಿಯುವ ಹಾಗೆ ಹೋಳು ಮಾಡಿ ನೆಟ್ಟರೆ ಮೂರು ತಿಂಗಳ ಮೇಲೆ ಬೆಳೆ ಕೈಗೆ. ಕಿತ್ತದ್ದನ್ನು ನೇರ ಪಾತ್ರೆಗೆ ಹಾಕಬಹುದು. ನೆಲಮಾಳಿಗೆಯಲ್ಲಿ ಕತ್ತಲಲ್ಲಿಟ್ಟರೆ ಚಳಿಗಾಲ ದಾಟುತ್ತದೆ. ಎಲ್ಲಕ್ಕಿಂತ ದೊಡ್ಡದು, ಜರ್ಮನ್, ಪೋಲಿಷ್, ಐರಿಷ್ ಜನರಲ್ಲಿ ಆಲೂಗಡ್ಡೆ ಬೆಳೆಯಲು ಯಾರಿಗೂ ಪಾಠ ಬೇಕಿರಲಿಲ್ಲ. ಕಾರ್ಖಾನೆಗೆ ಬರುವ ಮುಂಚೆ ಅವರಲ್ಲಿ ಬಹಳ ಜನ ಹೊಲದವರೇ. ಜೊತೆಗೆ ಹುರುಳಿಕಾಯಿ, ಟರ್ನಿಪ್, ಮೆಕ್ಕೆಜೋಳವನ್ನೂ ಹಾಕಿದರು.

ಅರ್ಜಿ ಹಾಕಿದವರು ಸುಮಾರು ಮೂರು ಸಾವಿರ. ದುಡ್ಡು ಸಾಲದೆ ಜಾಗ ಕೊಟ್ಟದ್ದು 945 ಸಂಸಾರಗಳಿಗೆ ಮಾತ್ರ. ಉಳಿದ ಎರಡು ಸಾವಿರ ಮನೆಗಳ ಬಾಗಿಲಿಗೆ ಇಲ್ಲ ಅನ್ನುವ ಉತ್ತರ ಹೋಯಿತು. ಈ ಯೋಜನೆಯನ್ನು ಹೊಗಳುವಾಗ ಜನ ಈ ಎರಡು ಸಾವಿರವನ್ನು ಹೇಳುವುದೇ ಇಲ್ಲ.

ಪತ್ರಿಕೆಗಳಿಗೆ ಹಬ್ಬ. ಮೇಯರ್‌ನ ಬೊಕ್ಕತಲೆಯನ್ನೂ ಗಡ್ಡವನ್ನೂ ಆಲೂಗಡ್ಡೆಗೆ ಸೇರಿಸಿ ವ್ಯಂಗ್ಯಚಿತ್ರ ಬರೆದರು. ಬಡವರು ಸೋಮಾರಿಗಳು, ಗುದ್ದಲಿ ಹಿಡಿಯುತ್ತಾರಾ? ಹಿಡಿದರೂ ಬೆಳೆ ಬರುವಷ್ಟರಲ್ಲಿ ಕಳ್ಳರು ಕಿತ್ತುಕೊಂಡು ಹೋಗುತ್ತಾರೆ. ಬಿತ್ತನೆ ಗಡ್ಡೆಯನ್ನೇ ಬೇಯಿಸಿ ತಿಂದುಬಿಡುತ್ತಾರೆ. ಹೀಗೆಲ್ಲ ಮಾತು. ಮೇಲಿಂದ ಆ ವರ್ಷ ಮಳೆಯೂ ಕೈಕೊಟ್ಟಿತು.

ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರಂಚಿನ ಬಯಲು, ಗೂಟಕ್ಕೆ ಗೂಟ ತಾಗುವ ಹಾಗೆ ತುಂಡುಗಳು. ಒಂದೊಂದರಲ್ಲೂ ಗಂಡ, ಹೆಂಡತಿ, ಮಕ್ಕಳು. ಟ್ರಾಮಿನಲ್ಲಿ ಹೋಗಿಬಂದರೆ ತಲೆಗೆ ಹತ್ತು ಸೆಂಟ್, ಹಾಗಾಗಿ ನಡೆದೇ ಬಂದವರು. ಪಕ್ಕದ ತುಂಡಿನವನ ಸಾಲು ತನ್ನ ಸಾಲಿಗಿಂತ ಹಸಿರಾಗಿದ್ದರೆ ಯಾವ ರೈತನಿಗೂ ನಿದ್ದೆ ಬರುವುದಿಲ್ಲ. ಅಲ್ಲಿ ಯಾರೂ ಹಾಜರಿ ತೆಗೆದುಕೊಳ್ಳುವ ಅಗತ್ಯವಿರಲಿಲ್ಲ. ದಾನದ ಅಂಗಡಿಯ ಮುಂದೆ ಸಾಲು ನಿಲ್ಲುವಾಗ ತಲೆ ತಗ್ಗಿಸುವವನು ಇಲ್ಲಿ ಪಕ್ಕದವನ ಜೊತೆ ಗಡ್ಡೆಯ ಗಾತ್ರದ ಬಗ್ಗೆ ವಾದ ಮಾಡಬಹುದಿತ್ತು.

ಲೆಕ್ಕ

ಮೊದಲ ವರ್ಷದ ಖರ್ಚು ಸುಮಾರು 3,600 ಡಾಲರ್. ಅಂದರೆ ಒಂದು ಸಂಸಾರಕ್ಕೆ ನಾಲ್ಕು ಡಾಲರ್‌ಗೂ ಕಮ್ಮಿ. ಬಂದ ಬೆಳೆಯ ಬೆಲೆ 12ರಿಂದ 14 ಸಾವಿರ ಡಾಲರ್. ಹಾಕಿದ್ದಕ್ಕೆ ಮೂರು ಪಟ್ಟಿನ ಮೇಲೆ, ಅದೂ ತಡವಾಗಿ ನೆಟ್ಟು, ಮಳೆ ಇಲ್ಲದ ವರ್ಷದಲ್ಲಿ. ಕಳ್ಳತನ ಹೇಳಿಕೊಳ್ಳುವಷ್ಟು ಆಗಲಿಲ್ಲ. ನಕ್ಕ ಪತ್ರಿಕೆಗಳು ನಿಧಾನವಾಗಿ ದನಿ ಬದಲಿಸಿದವು.

1895ರಲ್ಲಿ ಜಾಗ ಪಡೆದವರು 1,546 ಸಂಸಾರಗಳು. 1896ರಲ್ಲಿ 1,701. ಆ ವರ್ಷ ಬೆಳೆಯ ಬೆಲೆ ಸುಮಾರು 31 ಸಾವಿರ ಡಾಲರ್ ಮುಟ್ಟಿತು.

ಬೇರೆ ಊರುಗಳು ಕೇಳಿ ತಿಳಿದುಕೊಳ್ಳಲು ಶುರುಮಾಡಿದವು. ನ್ಯೂಯಾರ್ಕ್, ಬಫಲೊ, ಬಾಸ್ಟನ್, ಮಿನಿಯಾಪೊಲಿಸ್, ಒಮಾಹಾ, ಡೆನ್ವರ್. ಫಿಲಡೆಲ್ಫಿಯಾದಲ್ಲಿ 1897ರಲ್ಲಿ ಇದಕ್ಕಾಗಿಯೇ ಒಂದು ಸಂಘ ಹುಟ್ಟಿ ವರ್ಷಗಟ್ಟಲೆ ನಡೆಯಿತು. ಮುಂದೆ ಎರಡು ಮಹಾಯುದ್ಧಗಳ ಕಾಲದಲ್ಲಿ ಅಮೆರಿಕದವರು ಹಿತ್ತಲಲ್ಲೂ ಪಾರ್ಕಿನಲ್ಲೂ ತರಕಾರಿ ಬೆಳೆದರಲ್ಲ, ಆ ಕಥೆಯನ್ನು ಹೇಳುವವರು ಡೆಟ್ರಾಯಿಟ್‌ನಿಂದಲೇ ಶುರುಮಾಡುತ್ತಾರೆ. ಹಂಗಿಸಲು ಇಟ್ಟ ಆಲೂಗಡ್ಡೆ ಪಿಂಗ್ರಿ ಅನ್ನುವ ಅಡ್ಡಹೆಸರು ಹಾರವಾಗಿ ಕೊರಳಿಗೆ ಬಿತ್ತು.

ಏನು ಆಗಲಿಲ್ಲ

ಈಗ ಇನ್ನೊಂದು ಮಗ್ಗುಲು. ಆಲೂಗಡ್ಡೆ ಯಾರಿಗೂ ಕೆಲಸ ಕೊಡಲಿಲ್ಲ. ಬಾಡಿಗೆ ಕಟ್ಟಲಿಲ್ಲ, ಕಲ್ಲಿದ್ದಲು ತರಲಿಲ್ಲ. ಅದು ಹೊಟ್ಟೆಯ ಒಂದು ಮೂಲೆ ತುಂಬಿಸಿತು, ಅಷ್ಟೇ. ಜಾಗದ ಮೇಲೆ ಬೆಳೆದವನಿಗೆ ಯಾವ ಹಕ್ಕೂ ಇರಲಿಲ್ಲ. ಪೇಟೆ ಚೇತರಿಸಿಕೊಂಡು ಸೈಟಿಗೆ ಗಿರಾಕಿ ಬಂದ ದಿನ ಗೂಟ ಕಿತ್ತುಕೊಂಡು ಹೋಗಬೇಕು. ಕೊನೆಗೆ ಆದದ್ದೂ ಅದೇ.

ಇನ್ನೊಂದು ಕಿರಿಕಿರಿಯ ಮಾತು. ಉಳ್ಳವರಿಗೆ ಈ ಯೋಜನೆ ಇಷ್ಟವಾಗಲು ಕಾರಣ ಬಡವರ ಮೇಲಿನ ಪ್ರೀತಿಯೊಂದೇ ಅಲ್ಲ. ಬಡವನಿಗೆ ಕೊಡುವ ದುಡ್ಡು ಉಳಿಯುತ್ತದಲ್ಲ! 1896ರಲ್ಲಿ ಬೆಳೆಯ ಬೆಲೆ ಬಡವರ ಆಯೋಗ ಕೊಟ್ಟ ನೆರವನ್ನೂ ಮೀರಿಸಿತು ಅಂತ ಖುಷಿಪಟ್ಟವರಲ್ಲಿ ತೆರಿಗೆ ಕಟ್ಟುವವರೂ ಇದ್ದರು. ನೀನೇ ಬೆಳೆದುಕೋ ಅನ್ನುವುದು ನಿನ್ನ ಪಾಡು ನಿನಗೆ ಅನ್ನುವುದಕ್ಕೆ ಬಹಳ ದೂರವೇನಲ್ಲ. ಪಿಂಗ್ರಿ ಈ ಆಲೂಗಡ್ಡೆಯೊಂದನ್ನೇ ಮಾಡಿ ಸುಮ್ಮನಿದ್ದಿದ್ದರೆ ಆತನನ್ನು ನಾನು ಈ ಸಾಲಿಗೇ ಸೇರಿಸುತ್ತಿದ್ದೆ.

ಆತ ಸುಮ್ಮನಿರಲಿಲ್ಲ. ಅದೇ 1894ರ ಬೇಸಿಗೆಯಲ್ಲಿ ಶಾಲಾ ಮಂಡಳಿಯ ಸಭೆಗೆ ಹೋದ. ಲಂಚ ತಿಂದವರು ಯಾರು ಅಂತ ಗೊತ್ತಿದೆ, ರಾಜೀನಾಮೆ ಕೊಡಿ ಅಂದ. ಯಾರೂ ಎದ್ದು ನಿಲ್ಲಲಿಲ್ಲ. ಪೊಲೀಸರನ್ನು ಒಳಗೆ ಕರೆದ. ನಾಲ್ವರನ್ನು ಸಭೆಯಿಂದಲೇ ಕರೆದೊಯ್ದರು. ಬೀದಿದೀಪಕ್ಕೆ ಖಾಸಗಿ ಕಂಪನಿ ಜಾಸ್ತಿ ಸುಲಿಯುತ್ತಿದೆ ಅಂತ ಊರಿನದೇ ವಿದ್ಯುತ್ ಘಟಕ ಕಟ್ಟಿಸಿದ. 1895ರಲ್ಲಿ ಅದು ಶುರುವಾಯಿತು. ಅದೇ ವರ್ಷ ಮೂರು ಸೆಂಟಿನ ಟಿಕೆಟ್ಟಿಗೆ ಒಪ್ಪಿದ ಹೊಸ ಟ್ರಾಮ್ ಕಂಪನಿಯನ್ನು ಹಳೆಯದಕ್ಕೆ ಎದುರಾಗಿ ಬೀದಿಗೆ ಇಳಿಸಿದ. ಪತ್ರಿಕೆಗಳು ತನ್ನ ಮಾತು ಸರಿಯಾಗಿ ಹಾಕುತ್ತಿಲ್ಲ ಅನಿಸಿದಾಗ ನಗರಸಭೆಯ ಬಾಗಿಲಲ್ಲೇ ಹಲಗೆಯ ಮೇಲೆ ಬರೆದು ಅಂಟಿಸಿದ. ಓದಲು ಜನ ಗುಂಪು ಕಟ್ಟುತ್ತಿದ್ದರು.

ಇಲ್ಲಿ ಆಲೂಗಡ್ಡೆ ಮತ್ತೆ ಬರುತ್ತದೆ. ಪಿಂಗ್ರಿಯ ಎಲ್ಲ ಜಗಳವೂ ಒಂದೇ ಪ್ರಶ್ನೆಯದು. ಊರಿಗೆ ಸೇರಿದ್ದನ್ನು ಯಾರು ಹಿಡಿದುಕೊಂಡು ಕೂತಿದ್ದಾರೆ? ಬೀದಿ ಊರಿನದು, ಹಳಿ ಹಾಕಿದವನು ಐದು ಸೆಂಟ್ ಕೀಳುತ್ತಾನೆ. ಕತ್ತಲು ಎಲ್ಲರದು, ದೀಪ ಹಚ್ಚುವವನು ಬಾಯಿಗೆ ಬಂದ ರೇಟು ಹೇಳುತ್ತಾನೆ. ಸೈಟಿನ ಬೆಲೆ ಏರುವುದು ಅಲ್ಲಿಗೆ ಜನ ಬಂದು ಬೆವರು ಹರಿಸಿದ್ದರಿಂದ, ದುಡ್ಡು ಹೋಗುವುದು ಬೇಲಿ ಹಾಕಿ ಕೂತವನಿಗೆ. ಸೈಟಿನ ವಿಷಯದಲ್ಲಿ ಮಾತ್ರ ಆತ ಕೇಳಿಕೊಂಡ, ಉಳಿದ ಕಡೆ ಕಿತ್ತುಕೊಳ್ಳಲು ಹೋದ. ಹಾಗಾಗಿ ಮೊದಲನೆಯದಕ್ಕೆ ಚಪ್ಪಾಳೆ ಬಿತ್ತು, ಎರಡನೆಯದಕ್ಕೆ ಗೆಳೆಯರು ಹೋದರು. ಬ್ಯಾಂಕಿನವರು ಮುಖ ತಿರುಗಿಸಿದರು. ಚರ್ಚಿನಲ್ಲಿ ಆತನ ಮನೆಯವರು ಕೂರುತ್ತಿದ್ದ ಬೆಂಚು ಕೂಡ ಬೇರೆಯವರ ಪಾಲಾಯಿತು ಅನ್ನುತ್ತಾರೆ.

ಮತದಾರರು ಮಾತ್ರ ಬಿಡಲಿಲ್ಲ. 1889, 1891, 1893, 1895, ನಾಲ್ಕು ಸಲ ಮೇಯರ್.

ಎರಡು ಕುರ್ಚಿ

ಆತನ ತಪ್ಪುಗಳನ್ನೂ ಹೇಳಬೇಕಲ್ಲ. ತಾನು ಹಿಡಿದದ್ದೇ ಸರಿ ಅನ್ನುವ ಹಟ ಬಹಳ. 1896ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಆಗಿ ಗೆದ್ದ. 1897ರ ಜನವರಿಯಲ್ಲಿ ಆ ಕುರ್ಚಿ ಹತ್ತಿದ ಮೇಲೂ ಮೇಯರ್ ಕುರ್ಚಿಯಿಂದ ಇಳಿಯಲಿಲ್ಲ. ಟ್ರಾಮ್ ಜಗಳ ಅರ್ಧಕ್ಕೆ ನಿಂತಿದೆ, ಎರಡೂ ನಾನೇ ನೋಡಿಕೊಳ್ಳುತ್ತೇನೆ ಅಂದ. ಹಾಗೆಲ್ಲ ಆಗುವುದಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್‌ನಲ್ಲಿ ಮೇಯರ್ ಕೆಲಸ ಬಿಟ್ಟ. ಮುಂದಿನ ಚುನಾವಣೆಯಲ್ಲಿ ಗೆದ್ದದ್ದು ಎದುರು ಪಕ್ಷದ ವಿಲಿಯಂ ಮೇಬರಿ.

ಗವರ್ನರ್ ಆಗಿ ಎರಡು ಅವಧಿ. ರೈಲು ಕಂಪನಿಗಳೂ ಉಳಿದವರ ಹಾಗೆ ಆಸ್ತಿಯ ಬೆಲೆಗೆ ತಕ್ಕ ತೆರಿಗೆ ಕಟ್ಟಲಿ ಅನ್ನುವುದು ಅಲ್ಲಿನ ದೊಡ್ಡ ಗುದ್ದಾಟ. ಕಾನೂನು ಆಯಿತು, ಕೋರ್ಟು ಹೊಡೆದುಹಾಕಿತು. 1900ರಲ್ಲಿ ಜನ ರಾಜ್ಯದ ಸಂವಿಧಾನವನ್ನೇ ತಿದ್ದಿ ದಾರಿ ಮಾಡಿಕೊಟ್ಟರು. ಇದೇ ಹೊತ್ತಿಗೆ ಆತನ ಕೈಕೆಳಗಿನ ಸೈನಿಕ ಮಂಡಳಿಯವರು ಸರ್ಕಾರದ ಸಮವಸ್ತ್ರಗಳನ್ನು ಅಗ್ಗಕ್ಕೆ ಮಾರಿ, ಮತ್ತೆ ಹೊಸದೆಂದು ದುಬಾರಿಗೆ ಕೊಂಡ ಹಗರಣ ಹೊರಬಿತ್ತು. ಶಾಲಾ ಮಂಡಳಿಯವರನ್ನು ಸಭೆಯಿಂದಲೇ ಹಿಡಿಸಿಕೊಟ್ಟ ಮನುಷ್ಯ ತನ್ನವರಿಗೆ ಜುಲ್ಮಾನೆ ಕಟ್ಟಿಸಿ ಕ್ಷಮೆ ಕೊಟ್ಟು ಬಿಡಿಸಿದ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

1901ರ ಜೂನ್ 18ರಂದು, ಆಫ್ರಿಕಾ ತಿರುಗಾಟ ಮುಗಿಸಿ ಬರುವಾಗ, ಲಂಡನ್ನಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಅರವತ್ತು ವರ್ಷ. 1993ರಲ್ಲಿ ಇತಿಹಾಸಕಾರರನ್ನೂ ನಗರ ತಜ್ಞರನ್ನೂ ಕೇಳಿ ಅಮೆರಿಕದ ದೊಡ್ಡ ನಗರಗಳ ಮೇಯರ್‌ಗಳಿಗೆ ಅಂಕ ಹಾಕಿದಾಗ ಪಿಂಗ್ರಿ ನಾಲ್ಕನೆಯವನಾಗಿ ಬಂದ.

ಡೆಟ್ರಾಯಿಟ್‌ನಲ್ಲಿ ಈಗ ಖಾಲಿ ಸೈಟಿಗೆ ಬರವಿಲ್ಲ. 1950ರಲ್ಲಿ ಹದಿನೆಂಟೂವರೆ ಲಕ್ಷ ಇದ್ದ ಜನ 2020ರ ಹೊತ್ತಿಗೆ ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿದರು. ಪಿಂಗ್ರಿಯ ಕಾಲದಲ್ಲಿ ಸೈಟು ಖಾಲಿ ಇದ್ದದ್ದು ಜನ ಬರುತ್ತಾರೆ ಅಂತ, ಈಗ ಜನ ಹೋದರು ಅಂತ. ಆ ಜಾಗಗಳಲ್ಲಿ ಮತ್ತೆ ತರಕಾರಿ ಬೆಳೆಯುವವರಿದ್ದಾರೆ.

ಊರಿನ ನಡುವೆ ಗ್ರ್ಯಾಂಡ್ ಸರ್ಕಸ್ ಪಾರ್ಕ್ ಅಂತಿದೆ. ಅಲ್ಲಿ ಕುರ್ಚಿಯ ಮೇಲೆ ಕೂತ ಪಿಂಗ್ರಿಯ ಕಂಚಿನ ಪ್ರತಿಮೆ, 1904ರಲ್ಲಿ ಜನ ಚಂದಾ ಎತ್ತಿ ನಿಲ್ಲಿಸಿದ್ದು. ಕೆಳಗಿನ ಬರಹದಲ್ಲಿ ಖಾಸಗಿ ಕಂಪನಿಗಳ ಅಪಾಯವನ್ನು ಜನರಿಗೆ ಮೊದಲು ಹೇಳಿದವನು ಅಂತಿದೆ, ತೆರಿಗೆಯ ತಾರತಮ್ಯ ತಿದ್ದಲು ಹೊರಟವನು ಅಂತಿದೆ. ಆಲೂಗಡ್ಡೆಯ ಸುದ್ದಿ ಒಂದಕ್ಷರವೂ ಇಲ್ಲ. ಪಾರ್ಕನ್ನು ಸೀಳಿಕೊಂಡು ವುಡ್‌ವರ್ಡ್ ರಸ್ತೆ ಹೋಗುತ್ತದೆ. ರಸ್ತೆಯ ಆ ಕಡೆ ಮೇಬರಿಯ ಪ್ರತಿಮೆ, ಈ ಕಡೆ ಪಿಂಗ್ರಿ. ನಡುವೆ 2017ರಿಂದ ಹೊಸ ಟ್ರಾಮ್ ಓಡುತ್ತಿದೆ. 2021ರಿಂದ ಅದಕ್ಕೆ ಟಿಕೆಟ್ ಇಲ್ಲ.